ಮೊದಲ ಸಂಪಾದನೆ: ದರ ಕಟ್ಟುವುದು, ಲೆಕ್ಕ ಇಡುವುದು

ಚಿಕ್ಕ ಮಕ್ಕಳಿಗೆ ಪಾಠ ಹೇಳುವುದು, ವಿಡಿಯೊ ಎಡಿಟಿಂಗ್, ಸೈಕಲ್ ರಿಪೇರಿ, ಪಕ್ಕದ ಮನೆಯವರ ನಾಯಿ ನೋಡಿಕೊಳ್ಳುವುದು: ಹದಿಹರೆಯದವರು ಬಿಡುವಿನಲ್ಲಿ ಮಾಡಬಹುದಾದ ಕೆಲಸಗಳಿಗೆ ಬರವಿಲ್ಲ. ಹೆಚ್ಚಿನವರು ಎಡವುವುದು ಕೆಲಸದಲ್ಲಲ್ಲ, ಲೆಕ್ಕದಲ್ಲಿ.

ಮೊದಲು ವಯಸ್ಸು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಡಂಬಡಿಕೆಯಲ್ಲಿ ಕೆಲಸಕ್ಕೆ ಸೇರುವ ಸಾಮಾನ್ಯ ಕನಿಷ್ಠ ವಯಸ್ಸು 15. ಓದಿಗೂ ಆರೋಗ್ಯಕ್ಕೂ ಅಡ್ಡಿಯಾಗದ ಹಗುರ ಕೆಲಸಕ್ಕೆ 13, ಅಪಾಯದ ಕೆಲಸಕ್ಕೆ 18. ದೇಶದಿಂದ ದೇಶಕ್ಕೆ ಕಾನೂನು ಬದಲಾಗುವುದರಿಂದ ವಿಚಾರಿಸಿಕೊಂಡೇ ಹೊರಡಿ. ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕಾದ ವಯಸ್ಸಿದು. ಅದನ್ನು ತಿನ್ನುವ ಕೆಲಸ ಬೇಡ.

ಇನ್ನು ದರ. ಒಂದು ಕೆಲಸಕ್ಕೆ 600 ಸಿಗುತ್ತದೆ ಎನ್ನಿ. ಓಡಾಟಕ್ಕೆ 40, ಸಾಮಗ್ರಿಗೆ 60 ಹೋದರೆ ಉಳಿಯುವುದು 500. ಕೆಲಸ 3 ಗಂಟೆಯದು, ಹೋಗಿಬರಲು 1 ಗಂಟೆ. ಅಂದರೆ ನಿಮ್ಮ ನಿಜವಾದ ಗಳಿಕೆ ಗಂಟೆಗೆ 200 ಅಲ್ಲ, 125. ಈ ಅಂಕಿ ಗೊತ್ತಿಲ್ಲದೆ ದರ ಹೇಳಿದರೆ ಕೈಯಿಂದಲೇ ಹಾಕಿ ದುಡಿದಂತಾಗುತ್ತದೆ. ಕೆಲಸ ಯಾವುದು, ಯಾವಾಗ ಮುಗಿಯಬೇಕು, ಎಷ್ಟು, ಯಾವತ್ತು ಕೊಡುತ್ತಾರೆ ಎಂಬ ನಾಲ್ಕನ್ನೂ ಮೊದಲೇ ಮೆಸೇಜಿನಲ್ಲಿ ಬರೆದು ಕಳಿಸಿ, 'ಸರಿ' ಎಂಬ ಉತ್ತರ ಬಂದ ಮೇಲೆ ಕೈ ಹಾಕಿ. ಎಡಿಟಿಂಗ್, ವಿನ್ಯಾಸದಂಥ ಕೆಲಸಕ್ಕೆ 'ತಿದ್ದುಪಡಿ ಎರಡು ಸಲ ಮಾತ್ರ' ಎಂದು ಸೇರಿಸದಿದ್ದರೆ ಅದು ಮುಗಿಯುವುದೇ ಇಲ್ಲ. ಪರಿಚಯದವರ 'ಆಮೇಲೆ ನೋಡೋಣ' ಎಂಬ ಮಾತಿಗೆ ಒಪ್ಪಿಕೊಂಡ ಹಣವೇ ಹೆಚ್ಚಾಗಿ ಬಾಕಿ ಉಳಿಯುವುದು.

ಕೆಲಸ ಕೊಡುವವರು ನೋಂದಣಿಗೋ ತರಬೇತಿಗೋ ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. 'ನಿನ್ನ ಖಾತೆಗೆ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಕಳಿಸು' ಎನ್ನುವುದು ಇನ್ನೂ ಅಪಾಯ. ಕದ್ದ ಹಣ ಸಾಗಿಸುವ ದಾರಿ ಅದು. ಸಿಕ್ಕಿಬೀಳುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರು.

ಹಣ ಕೈಗೆ ಬಂದ ದಿನವೇ ಪಾಲು ಮಾಡಿ. ಮೊದಲು ಸಾಮಗ್ರಿ, ಓಡಾಟದ ಖರ್ಚನ್ನು ತೆಗೆದಿಡಿ. ಅದು ಗಳಿಕೆಯಲ್ಲ, ಮುಂದಿನ ಕೆಲಸದ ಬಂಡವಾಳ. ಮಿಕ್ಕ ಹಣದ ಪ್ರತಿ 100ರಲ್ಲಿ 50 ಉಳಿತಾಯಕ್ಕೆ, 10 ಉಪಕರಣ ಕೆಟ್ಟರೆ ಸರಿಪಡಿಸಲು, 40 ಕೈಖರ್ಚಿಗೆ. ಊಟ, ಬಾಡಿಗೆಯ ಹೊರೆ ಇಲ್ಲದವರಿಗೆ ಅರ್ಧ ಉಳಿತಾಯ ಹೆಚ್ಚೇನಲ್ಲ. ಖರ್ಚು ಮಾಡಿ ಮಿಕ್ಕಿದ್ದನ್ನು ಉಳಿಸುತ್ತೇನೆ ಎಂದು ಹೊರಟರೆ ಮಿಗುವುದು ಚಿಲ್ಲರೆ. ದುಬಾರಿ ವಸ್ತು ಕಂಡಾಗ ಅದರ ಬೆಲೆಯನ್ನು ಗಂಟೆಗೆ ತಿರುಗಿಸಿ: 5,000ದ ಹೆಡ್‌ಫೋನ್ ಮೇಲಿನ ಲೆಕ್ಕದಲ್ಲಿ 40 ಗಂಟೆಯ ದುಡಿಮೆ. ಏಳು ದಿನ ಕಳೆದ ಮೇಲೂ ಬೇಕೆನಿಸಿದರೆ ಕೊಳ್ಳಿ.

ಬಡ್ಡಿಗೊಂದು ಸುಲಭ ಸೂತ್ರವಿದೆ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ದುಪ್ಪಟ್ಟಾಗುವ ಕಾಲ ಸಿಗುತ್ತದೆ. ವರ್ಷಕ್ಕೆ ಶೇ 6ರ ಚಕ್ರಬಡ್ಡಿಯಲ್ಲಿ ಉಳಿತಾಯ ದುಪ್ಪಟ್ಟಾಗಲು ಸುಮಾರು 12 ವರ್ಷ. ತಿಂಗಳಿಗೆ ಶೇ 3ರ ಚಕ್ರಬಡ್ಡಿಯ ಸಾಲ ತೀರಿಸದೆ ಬಿಟ್ಟರೆ ಸುಮಾರು 24 ತಿಂಗಳಲ್ಲೇ ದುಪ್ಪಟ್ಟು. 'ಬರೀ ಮೂರು ಪರ್ಸೆಂಟ್' ಎಂದು ಕೇಳಿದಾಗ ತಿಂಗಳಿಗೋ ವರ್ಷಕ್ಕೋ ಎಂದು ಕೇಳಿ.

ಲೆಕ್ಕದ ಪುಸ್ತಕಕ್ಕೆ ಆರು ಕಾಲಂ ಸಾಕು: ತಾರೀಖು, ಯಾರಿಗೆ ಏನು ಕೆಲಸ, ಎಷ್ಟು ಗಂಟೆ, ಬಂದದ್ದು, ಹೋದದ್ದು, ಬಾಕಿ. ಅದೇ ರಾತ್ರಿ ಬರೆಯಿರಿ. ಎರಡು ದಿನ ಬಿಟ್ಟರೆ ಸಣ್ಣ ಖರ್ಚು ಮರೆತೇಹೋಗುತ್ತದೆ. ತಿಂಗಳ ಕೊನೆಗೆ ಆರಂಭದ ಶಿಲ್ಕಿಗೆ, ಅಂದರೆ ತಿಂಗಳ ಮೊದಲಿಗೆ ಕೈಯಲ್ಲಿದ್ದ ಹಣಕ್ಕೆ, ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆದರೆ ಕೈಯಲ್ಲಿರುವ ಹಣಕ್ಕೆ ತಾಳೆಯಾಗಬೇಕು. ಆಗದಿದ್ದರೆ ಅಂಕಿ ತಿದ್ದಿ ಸರಿದೂಗಿಸಬೇಡಿ, 'ಲೆಕ್ಕ ಸಿಗದ್ದು' ಎಂದೇ ಬರೆಯಿರಿ. ಆ ಮೊತ್ತ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆಯೇ ಎಂಬುದು ಮುಖ್ಯ.

ಹೆತ್ತವರಿಗೆ ಒಂದು ಮಾತು. ಮಗನೋ ಮಗಳೋ ಕೈಖರ್ಚನ್ನು ಹತ್ತನೇ ತಾರೀಖಿಗೇ ಮುಗಿಸಿಕೊಂಡರೆ ಗುಟ್ಟಾಗಿ ತುಂಬಿಕೊಡಬೇಡಿ. ಕೊಡಲೇಬೇಕಾದರೆ ಸಾಲವಾಗಿ ಕೊಡಿ: ಮೊತ್ತ, ಕಂತು, ತಾರೀಖು ಅದೇ ಪುಸ್ತಕದ ಕೊನೆಯ ಪುಟದಲ್ಲಿರಲಿ. ತೀರಿದ ದಿನ ಆ ಸಾಲಿಗೆ ಗೆರೆ ಎಳೆದು ಇಬ್ಬರೂ ಸಹಿ ಹಾಕಿ.