‘ವಗರ್ಮೂಲ’ ಅಂತ ಓದಿದ ಹುಡುಗ

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ಎಂಟನೇ ಕ್ಲಾಸಿಗೆ ಒಬ್ಬ ಹುಡುಗ ಬಂದ, ಮನೇಲಿ ಕುರಿ ಸಾಕ್ತಾರೆ. ಬಾಯಿಲೆಕ್ಕದಲ್ಲಿ ನನಗಿಂತ ಮುಂದೆ. 17 ಮರಿ, ಮರಿಗೆ 6,500 ರೂಪಾಯಿ ಅಂದರೆ ಒಂದು ಸಲ ಸೂರು ನೋಡಿ 1,10,500 ಅಂತಿದ್ದ. ಅದೇ ಹುಡುಗನಿಗೆ ಕಿರುಪರೀಕ್ಷೆಯಲ್ಲಿ 20ಕ್ಕೆ 3. ಮಾತಿನಲ್ಲಿ ಕೊಟ್ಟ ಲೆಕ್ಕಗಳನ್ನೆಲ್ಲ ಖಾಲಿ ಬಿಟ್ಟಿದ್ದ. ಸೋಮಾರಿ ಅಂತ ಬೈದೆ ಕೂಡ. ಆಮೇಲೊಂದು ದಿನ ಬೋರ್ಡಿನ ಮೇಲಿದ್ದ ‘ವರ್ಗಮೂಲ’ ಓದಪ್ಪ ಅಂದೆ. “ವಗರ್ಮೂಲ” ಅಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ನಗಬಾರದಿತ್ತು.

ಅವನೊಬ್ಬನೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. 38 ಮಕ್ಕಳನ್ನೂ ಬಿಸಿಯೂಟದ ಹೊತ್ತಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಓದಿಸಿದೆ. ಮೊದಲು ಪಠ್ಯಪುಸ್ತಕ ಕೊಟ್ಟು ಮೋಸ ಹೋದೆ, ಯಾಕೆಂದರೆ ಕ್ಲಾಸಲ್ಲಿ ಹತ್ತು ಸಲ ಕೇಳಿದ ಪ್ಯಾರಾವನ್ನು ಮಕ್ಕಳು ಬೆರಳು ಓಡಿಸುತ್ತಾ ಬಾಯಿಪಾಠ ಒಪ್ಪಿಸುತ್ತಾರೆ, ನೋಡೋರಿಗೆ ಓದಿದ ಹಾಗೇ ಕಾಣುತ್ತೆ. ಹಾಗಾಗಿ ಅವರು ನೋಡಿರದ ನಾಲ್ಕು ಸಾಲು ನಾನೇ ಬರೆದುಕೊಟ್ಟೆ. 11 ಮಕ್ಕಳು ಓದಲಾಗದೆ ನಿಂತುಬಿಟ್ಟರು. ಅದರಲ್ಲಿ ಒಬ್ಬಳಿಗೆ ಬೇಕಾಗಿದ್ದದ್ದು ಕನ್ನಡಕ ಅಷ್ಟೇ.

ಪಕ್ಕದ ಪ್ರೈಮರಿ ಶಾಲೆಯಿಂದ ನಲಿ-ಕಲಿ ಕಾರ್ಡು ತಂದೆ. ಅವು ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಮಾಡಿದವು. ಮೀಸೆ ಚಿಗುರುತ್ತಿದ್ದ ಹುಡುಗನ ಕೈಗೆ ಅದನ್ನು ಕೊಟ್ಟೆ, ಅವನ ತಮ್ಮನೂ ಅದೇ ಕಾರ್ಡಿನಲ್ಲಿ ಕಲಿಯುತ್ತಿದ್ದ. ಮೂರು ದಿನ ಶಾಲೆ ಕಡೆ ತಲೆ ಹಾಕಲಿಲ್ಲ. ಕಾರ್ಡು ವಾಪಸ್ ಕಳಿಸಿದೆ. ಏನು ಕಲಿಸಿದರೂ ಎಂಟನೇ ಕ್ಲಾಸಿನ ಪುಸ್ತಕದಿಂದಲೇ, ಎಲ್ಲರ ಜೊತೆಯಲ್ಲೇ ಅಂತ ಆಗ ತೀರ್ಮಾನ ಮಾಡಿದೆ.

ಮೊದಲು ಹಿಡಿದದ್ದು ಅರ್ಕಾವೊತ್ತು, ‘ವರ್ಗ’ದಲ್ಲಿರೋ ಆ ‘ರ್’ ಗುರುತು. ಬರೆಯೋದು ಅಕ್ಷರದ ಆಮೇಲೆ, ಓದೋದು ಮೊದಲು. ಕಣ್ಣಿಗೆ ಕಂಡ ಸಾಲಿನಲ್ಲೇ ಓದುವ ಹುಡುಗ ‘ವಗರ್’ ಅನ್ನದೆ ಇನ್ನೇನು ಅಂತಾನೆ? ಗಣಿತದ ಪುಸ್ತಕದ ತುಂಬಾ ಅದೇ: ಕರ್ಣ, ಅರ್ಧ, ಚತುರ್ಭುಜ, ಪೂರ್ಣಾಂಕ. ವಿಜ್ಞಾನಕ್ಕೆ ಹೋದರೆ ಘರ್ಷಣೆ, ದರ್ಪಣ. ಇತಿಹಾಸದಲ್ಲಿ ಹರ್ಷವರ್ಧನ, ಒಂದೇ ಹೆಸರಲ್ಲಿ ಎರಡು! ಆದರೆ ಊರ ಬಸ್ಸಿನ ಬೋರ್ಡು ಮಾತ್ರ ಎಲ್ಲರೂ ಸರಿಯಾಗೇ ಓದುತ್ತಾರೆ. ಅದೇ ನನಗೆ ಸಿಕ್ಕ ಕೀಲಿಕೈ. ಬೋರ್ಡಿನ ಮೇಲೆ ‘ಚಿತ್ರದುರ್ಗ’ ಬರೆದೆ. “ಇದೇನು?” “ಚಿತ್ರದುರ್ಗ ಸಾರ್.” ‘ಚಿತ್ರ’ ಅಳಿಸಿದೆ. “ದುರ್ಗ.” ‘ದು’ ಅಳಿಸಿ ‘ವ’ ಬರೆದೆ. ಹುಡುಗ ಬಾಯಿ ತೆರೆದ, ಮುಚ್ಚಿದ, “ವ... ರ್ಗ” ಅಂದ. ‘ಮಾ’ ಇಟ್ಟೆ, ಮಾರ್ಗ. ‘ಸ್ವ’ ಇಟ್ಟೆ, ಸ್ವರ್ಗ. ಹತ್ತು ನಿಮಿಷದ ಕೆಲಸ. ಏಳು ವರ್ಷ ಇದನ್ನು ಯಾರೂ ಮಾಡಿರಲಿಲ್ಲ, ಎರಡು ತಿಂಗಳಿಂದ ನಾನೂ ಮಾಡಿರಲಿಲ್ಲ.

ಅಕ್ಷರ ಕೂಡಿಸಿದ ಮಾತ್ರಕ್ಕೆ ಅರ್ಥ ಆಗಲ್ಲ. ಈ ಲೆಕ್ಕ ನೋಡಿ: ‘ಆಯತಾಕಾರದ ಹೊಲವೊಂದರ ಉದ್ದವು ಅದರ ಅಗಲದ ಎರಡರಷ್ಟಕ್ಕಿಂತ 5 ಮೀ. ಹೆಚ್ಚಾಗಿದೆ. ಸುತ್ತಳತೆ 70 ಮೀ. ಆದರೆ ಅಗಲವೆಷ್ಟು?’ ‘ಎರಡರಷ್ಟಕ್ಕಿಂತ’ ಅನ್ನೋ ಪದ ಮನೇಲಿ ಯಾರು ಆಡ್ತಾರೆ? ಅಲ್ಲಿಗೆ ಬಂದು ಮಕ್ಕಳು ಎಡವಿ, ವಾಕ್ಯದ ಮೊದಲು ಏನಿತ್ತು ಅನ್ನೋದನ್ನೇ ಮರೆಯುತ್ತಾರೆ. ಹಾಗಾಗಿ ವಾಕ್ಯವನ್ನು ಬಾಲದಿಂದ ಹಿಡಿಯೋದು ಅಭ್ಯಾಸ ಮಾಡಿಸಿದೆ. ಕನ್ನಡದಲ್ಲಿ ಮುಖ್ಯವಾದ ಮಾತು ಕೊನೆಗೆ ತಾನೇ ಬರೋದು? ಹೆಚ್ಚಾಗಿದೆ. ಏನು ಹೆಚ್ಚು? ಉದ್ದ. ಎಷ್ಟು ಹೆಚ್ಚು? 5 ಮೀಟರು. ಯಾವುದಕ್ಕಿಂತ? ಅಗಲದ ಎರಡು ಪಟ್ಟಿಗಿಂತ. ಆಮೇಲೆ ಅದನ್ನೇ ಮನೆಮಾತಲ್ಲಿ ಪಕ್ಕದವನಿಗೆ ಹೇಳಬೇಕು. ನಮ್ಮ ಹುಡುಗ ಹೇಳಿದ: “ಅಗ್ಲ ಎರಡ್ಪಟ್ಟು ಮಾಡಿ ಮ್ಯಾಲೆ ಐದು ಸೇರ್ಸು ಅಂತ. ಹಂಗಂತ ಬರೀಬಾರ್ದಾ ಸಾರ್ ಪುಸ್ತಕ್ದಾಗೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಅಗಲ 10 ಅಂತ ಬಾಯಲ್ಲೇ ಹೇಳಿ ಕೂತ.

ಸ್ಟಾಫ್ ರೂಮಿನಲ್ಲಿ ಈ ವಿಷಯ ತೆಗೆದಾಗ ಪೋರ್ಷನ್ ಮುಗಿಸೋದೇ ಕಷ್ಟ, ಓದಿಸೋದು ಕನ್ನಡ ಮೇಡಂ ಕೆಲಸ ಅಲ್ವಾ ಅಂದರು. ಜೂನ್‌ನಲ್ಲಿ ಸೇತುಬಂಧ (ಹಿಂದಿನ ಕ್ಲಾಸಿನದ್ದನ್ನು ಮತ್ತೆ ಕಲಿಸೋದು) ಮಾಡಿದ್ದೇವಲ್ಲ ಅಂತಲೂ ಅಂದರು. ಜಗಳ ಆಡಲಿಲ್ಲ. ಪಾಠಕ್ಕೆ ಮುಂಚೆ ಬೋರ್ಡಿನ ಮೂಲೆಯಲ್ಲಿ ಐದೇ ಪದ ಬರೆದು, ಒಡೆದು, ಎಲ್ಲರ ಬಾಯಲ್ಲೂ ಹೇಳಿಸಿ, ಐದು ನಿಮಿಷ ಸಾಕು ಅಂತ ಕೇಳಿಕೊಂಡೆ. ವಿಜ್ಞಾನದ ಮೇಡಂ ಮೊದಲು ಒಪ್ಪಿದರು. ‘ದ್ಯುತಿ’ ಅಂದರೆ ಬೆಳಕು, ‘ಸಂಶ್ಲೇಷಣೆ’ ಅಂದರೆ ಕೂಡಿಸಿ ಮಾಡೋದು ಅಂತ ಒಡೆದ ಮೇಲೆ ದ್ಯುತಿಸಂಶ್ಲೇಷಣೆಯ ಭಯ ಅರ್ಧ ಹೋಯಿತಂತೆ. ‘ಬಲ’ ಅಂದರೆ ಏನು ಅಂತ ಕೇಳಿದ್ದಕ್ಕೆ ಒಬ್ಬಳು ಬಲಗೈ ಎತ್ತಿ ತೋರಿಸಿದಳಂತೆ. ಸುಲಭದ ಪದ ಅಂತ ನಾವು ದಾಟಿಬಿಡೋದು ಇಂಥವನ್ನೇ. ಸಮಾಜ ವಿಜ್ಞಾನದ ಸಾರ್ ಒಲಿದದ್ದು ‘ದ್ವಿ’ಯಿಂದ. ನನ್ನ ಕ್ಲಾಸಲ್ಲಿ ದ್ವಿಪದೋಕ್ತಿ, ವಿಜ್ಞಾನದಲ್ಲಿ ದ್ವಿದಳ ಧಾನ್ಯ ಆಗಿತ್ತು. ಅವರು ‘ದ್ವಿಸದನ’ ಬರೆದ ತಕ್ಷಣ ಹಿಂದಿನ ಬೆಂಚಿನಿಂದ “ಎರಡು ಮನೆ ಸಾರ್” ಅಂತ ಬಂತಂತೆ. 224 ಜನರ ವಿಧಾನಸಭೆ, 75 ಜನರ ವಿಧಾನ ಪರಿಷತ್ತು, ಪಾಠ ಅಲ್ಲಿಂದಲೇ ಶುರು ಮಾಡಿದೆ ಅಂತ ಅವರೇ ಬಂದು ಹೇಳಿದರು.

ಎಲ್ಲ ಸರಿಹೋಯಿತು ಅಂತೇನಲ್ಲ. ಇಬ್ಬರು ಇನ್ನೂ ಕಾಗುಣಿತದಲ್ಲೇ ತಡವರಿಸುತ್ತಾರೆ, ಒಬ್ಬ ಶೇಂಗಾ ಸುಗ್ಗಿಗೆ ಹೋದವನು ಬರಲೇ ಇಲ್ಲ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಪಾಸಿಂಗ್ ಪ್ಯಾಕೇಜ್ ಅಂತ ಉತ್ತರ ಉರು ಹೊಡೆಸುವ ಬದಲು ಎಂಟರಲ್ಲೇ ಇದನ್ನು ಮಾಡಿದರೆ ಮೇಲು ಅಂತ ನನಗನ್ನಿಸುತ್ತೆ, ಒಪ್ಪದವರು ಜಾಸ್ತಿ ಇದ್ದಾರೆ.

ವಾರ್ಷಿಕ ಪರೀಕ್ಷೆಯಲ್ಲಿ ಅಂಥದ್ದೇ ಒಂದು ಹೊಲದ ಲೆಕ್ಕ ಕೊಟ್ಟಿದ್ದೆ. ಕುರಿ ಮನೆ ಹುಡುಗನ ಪೇಪರು ಮೊದಲು ಹುಡುಕಿದೆ. ಪ್ರಶ್ನೆಯನ್ನು ತನ್ನ ಮಾತಲ್ಲಿ ಒಂದು ಸಾಲು ಬರೆದುಕೊಂಡಿದ್ದ, ಸಮೀಕರಣವನ್ನೂ ಹಾಕಿದ್ದ. ಸುತ್ತಳತೆಗೆ ಉದ್ದ ಅಗಲ ಕೂಡಿಸಿ ಎರಡರಿಂದ ಗುಣಿಸೋದು ಮರೆತು ಉತ್ತರ ಇಪ್ಪತ್ತೊಂದು ಚಿಲ್ಲರೆ ಅಂತ ಬರೆದಿದ್ದ. ತಪ್ಪು. ಆದರೆ ಆ ವರ್ಷ ಅವನು ಮಾಡಿದ ಮೊದಲನೇ ಗಣಿತದ ತಪ್ಪು ಅದು. ಕೆಂಪು ಪೆನ್ನಲ್ಲಿ ಗೆರೆ ಎಳೆದು 4ಕ್ಕೆ 2 ಕೊಟ್ಟೆ.