ಚಳಿಗಾಲದ ಕೆರೆ ದಂಡೆಯಲ್ಲಿ ಮಕ್ಕಳೊಂದಿಗೆ ಒಂದು ರಾತ್ರಿ

ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ (ಭೂತಾಯಿಯ ಎಡೆ) ಚೆಲ್ಲಿ, ಅಲ್ಲೇ ಕೂತು ಉಂಡು ಬರುವುದು ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ರಾತ್ರಿಯೂ ಅಲ್ಲೇ ಉಳಿಯಬೇಕು ಅನ್ನುವುದು ನನ್ನ ಮಗಳ ಬಹುದಿನದ ಹಟ. ಲಕ್ಷ್ಮೇಶ್ವರದ ಕಡೆ ಸೋದರಮಾವನ ಹೊಲವಿದೆ, ಅದಕ್ಕೆ ಹತ್ತಿಕೊಂಡೇ ಊರ ಕೆರೆ. ಡಿಸೆಂಬರ್ ಕೊನೆಯ ಶನಿವಾರ ಟೆಂಟು, ಕೌದಿ, ರೊಟ್ಟಿಗಂಟು ಕಟ್ಟಿಕೊಂಡು ಹುಬ್ಬಳ್ಳಿಯಿಂದ ಹೊರಟೆವು. ಮಕ್ಕಳಿಗೆ ರಾತ್ರಿ ನಿದ್ದೆ ಹತ್ತಿದರೆ ಉಳಿದದ್ದೆಲ್ಲ ಸಲೀಸು. ಹಾಗಾಗಿ ಚಳಿಯ ಮಾತನ್ನೇ ಇಲ್ಲಿ ಹೆಚ್ಚು ಬರೆಯುತ್ತೇನೆ.

ಮಕ್ಕಳಿಗೆ ನೀರಿನ ಅಂಚಿನಲ್ಲೇ ಟೆಂಟು ಬೇಕಿತ್ತು. ಮಾವ ಒಪ್ಪಲಿಲ್ಲ. “ಕೆರಿ ದಂಡಿಗೆ ಬ್ಯಾಡವಾ. ರಾತ್ರಿ ಥಂಡಿ ಎಲ್ಲಾ ತೆಗ್ಗಿಗೆ ಇಳದು ಕುಂದರತೈತಿ. ಮ್ಯಾಲೆ ಮಸಾರಿ ಹೊಲದಾಗ, ಬೇವಿನ ಗಿಡದ ಬುಡಕ ಹಾಕ್ರಿ” ಅಂದರು. ತಣ್ಣನೆ ಗಾಳಿ ಭಾರ, ಇಳಿಜಾರು ಹಿಡಿದು ತಗ್ಗು ಸೇರುತ್ತದೆ. ಮರದ ಕೆಳಗೆ ಇಬ್ಬನಿಯೂ ಕಡಿಮೆ. ಕೆರೆ ಪಕ್ಕದ ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಗೂಟ ನಿಲ್ಲುವುದಿಲ್ಲ. ಹಸಿಯಾದರೆ ಚಪ್ಪಲಿಗೆ ಮೆತ್ತಿಕೊಂಡು ಹಾಸಿಗೆವರೆಗೂ ಬರುತ್ತದೆ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಗೂಟ ಗಟ್ಟಿಯಾಗಿ ಕೂತವು.

ಚಳಿಗೆ ಎಲ್ಲರೂ ಹೊದಿಕೆಯ ಲೆಕ್ಕ ಹಾಕುತ್ತಾರೆ. ನನ್ನ ಪ್ರಕಾರ ಹೊದೆಯುವುದಕ್ಕಿಂತ ಹಾಸುವುದು ದೊಡ್ಡದು. ಮೈಭಾರಕ್ಕೆ ಕೆಳಗಿನ ಬಟ್ಟೆ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೋಗಿಬಿಡುತ್ತದೆ, ಮೈಯ ಕಾವನ್ನೆಲ್ಲ ನೆಲ ಎಳೆದುಕೊಳ್ಳುತ್ತದೆ. ನಾವು ನೆಲದ ಮೇಲೆ ಒಣ ಶೇಂಗಾ ಹೊಟ್ಟನ್ನು ಗೇಣು ದಪ್ಪ ಹರವಿ, ಅದರ ಮೇಲೆ ತಾಡಪತ್ರಿ, ಅದರ ಮೇಲೆ ಟೆಂಟು ಹಾಕಿದೆವು. ಹರವುವ ಮೊದಲು ಹೊಟ್ಟನ್ನು ಕೋಲಿನಿಂದ ಕೆದರಿ, ಚೇಳು ಇಲ್ಲವೆಂದು ನೋಡಿಕೊಳ್ಳಲೇಬೇಕು. ಒಳಗೆ ಮೊದಲು ಕುರಿ ಕಂಬಳಿ, ಮೇಲೆ ನಮ್ಮವ್ವ ಹೊಲಿದ ಎರಡು ಕೌದಿ. ಹೊದೆಯಲು ಮತ್ತೊಂದು ಕೌದಿ ಸಾಕಾಯಿತು.

ಹೊತ್ತು ಮುಳುಗುತ್ತಲೇ ಮಕ್ಕಳ ಬಟ್ಟೆಯನ್ನೆಲ್ಲ ಬದಲಿಸಿದೆ. ಇಡೀ ದಿನ ಆಡಿ ಬೆವೆತ ಬನಿಯನ್ನು, ತೇವದ ಕಾಲುಚೀಲ ಮೈಮೇಲಿದ್ದರೆ ಎಷ್ಟು ಹೊದಿಸಿದರೂ ನಡುಕ ನಿಲ್ಲುವುದಿಲ್ಲ. ಸಣ್ಣವನಿಗೆ ಕಿವಿ ಮುಚ್ಚುವ ಕುಲಾವಿ, ಕಾಲ ಬಳಿ ಟವೆಲ್ ಸುತ್ತಿದ ಬಿಸಿನೀರಿನ ಸ್ಟೀಲ್ ಬಾಟಲಿ. ಟೆಂಟಿನ ಜಾಲರಿ ಕಿಟಕಿಯನ್ನು ಸ್ವಲ್ಪ ತೆರೆದೇ ಇಟ್ಟೆ. ಪೂರ್ತಿ ಮುಚ್ಚಿದರೆ ಉಸಿರಿನ ತೇವ ಒಳಗೇ ನಿಂತು ಬೆಳಗಿನ ಜಾವ ಹಾಸಿಗೆ ಮೇಲೆ ಹನಿಯುತ್ತದೆ. ಶಿಗಡಿಯನ್ನು (ಇದ್ದಿಲ ಒಲೆ) ಮಾತ್ರ ಯಾವ ಕಾರಣಕ್ಕೂ ಒಳಗೆ ಒಯ್ಯಬೇಡಿ, ಆರುತ್ತಿರುವ ಕೆಂಡವನ್ನೂ ಕೂಡ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದಲ್ಲೇ ಜೀವ ತೆಗೆಯುತ್ತದೆ. ಬೆಂಕಿ ಕಾಯಿಸುವುದೆಲ್ಲ ಹೊರಗೆ, ಟೆಂಟಿನಿಂದಲೂ ಹೊಟ್ಟಿನಿಂದಲೂ ದೂರದಲ್ಲಿ ಮುಗಿಸಿ, ನೀರು ಹಾಕಿ ಆರಿಸಿಯೇ ಮಲಗಿದೆವು.

ಊಟಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಿಳಿಜೋಳದ ತೆನೆ ಹಾಲುಗಾಳಾಗಿದ್ದ ಕಾಲ. ಮಾವ ಕೆಂಡದಲ್ಲಿ ತೆನೆ ಸುಟ್ಟು, ಬಡಿದು ಸೀತನಿ ಮಾಡಿಕೊಟ್ಟರು. ಮನೆಯಲ್ಲಿ ತುತ್ತಿಗೊಂದು ತಕರಾರು ತೆಗೆಯುವ ಮಗ ಬೊಗಸೆ ಬೊಗಸೆ ತಿಂದ.

ಕೆರೆಗೆ ಒಂದೇ ಕಟ್ಟಪ್ಪಣೆ: ದೊಡ್ಡವರ ಕೈ ಹಿಡಿಯದೆ ನೀರಿನ ಹತ್ತಿರ ಹೋಗುವಂತಿಲ್ಲ. ಹೂಳೆತ್ತಿದ ಕೆರೆಗಳಲ್ಲಿ ದಂಡೆಗೇ ಆಳದ ಗುಂಡಿಗಳಿರುತ್ತವೆ, ಮೇಲಿಂದ ಕಾಣುವುದಿಲ್ಲ.

ಭಾನುವಾರ ಮಾಗಡಿ ಕೆರೆಗೆ ಹೋದೆವು. ಶಿರಹಟ್ಟಿ ತಾಲೂಕಿನ ಈ ಕೆರೆ 2024ರಲ್ಲಿ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ಸಂರಕ್ಷಿತ ಜಾಗ, ಅಲ್ಲಿ ಟೆಂಟಿನ ಆಸೆ ಬೇಡ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ, ನಸುಕಿನಲ್ಲಿ ಸುತ್ತಲ ಹೊಲಗಳಲ್ಲಿ ಮೇಯ್ದು ಬಿಸಿಲೇರಿದ ಮೇಲೆ ನೀರಿಗೆ ಮರಳುತ್ತವೆ. ಅದಕ್ಕೇ ಮಕ್ಕಳನ್ನು ಚಳಿಯಲ್ಲಿ ಎಬ್ಬಿಸುವ ಅಗತ್ಯವಿಲ್ಲ. ದುರ್ಬೀನು ಹಿಡಿದ ಮಗಳು, “ಯವ್ವಾ, ತಲಿ ಮ್ಯಾಲೆ ಎರಡು ಕರೇ ಪಟ್ಟಿ ಅದಾವ!” ಎಂದು ಕೂಗಿ, ಹಕ್ಕಿ ಬೆದರೀತೆಂದು ತಾನೇ ಬಾಯಿ ಮುಚ್ಚಿಕೊಂಡಳು.

ಹೊರಡುವ ಮೊದಲೇ ಟೆಂಟನ್ನು ಬಿಸಿಲಿಗೆ ಹರವಿ, ಕೌದಿಗಳನ್ನು ಕಣಿಕೆ ಬಣಿವೆ ಮೇಲೆ ಹಾಕಿದ್ದೆವು. ತಿರುಗಿ ಬರುವಷ್ಟರಲ್ಲಿ ಗರಿಗರಿ ಒಣಗಿದ್ದವು. ಇಬ್ಬನಿ ಹಿಡಿದ ಟೆಂಟನ್ನು ಹಾಗೇ ಮಡಚಿಟ್ಟರೆ ವಾರದೊಳಗೆ ಬೂಸಲು ಬರುತ್ತದೆ.