ಅನಿಮೇಷನ್ ಕಾಮಿಡಿಯ ಮುಂದಿನ ಭಾಗ ಮೊದಲಿನದಕ್ಕೆ ಸಾಟಿಯೇ? ಅಳೆಯುವ ಬಗೆ

‘ಮೊದಲಿನಷ್ಟು ಮಜಾ ಇಲ್ಲ’ ಅಂದುಬಿಡುವುದು ಸುಲಭ. ಎಲ್ಲಿ ಕಮ್ಮಿಯಾಯಿತು ಎಂದು ಬೊಟ್ಟು ಮಾಡಿ ತೋರಿಸಬೇಕಾದರೆ ಹೊಸದನ್ನು ನೋಡುವ ಎರಡು ಮೂರು ದಿನ ಮುಂಚೆ ಹಳೆಯದನ್ನು ಮತ್ತೊಮ್ಮೆ ನೋಡಲೇಬೇಕು. ಹತ್ತು ವರ್ಷದ ಹಿಂದೆ ನೋಡಿದ ಚಿತ್ರದಲ್ಲಿ ನೆನಪಿರುವುದು ಐದಾರು ಒಳ್ಳೆಯ ದೃಶ್ಯ ಮಾತ್ರ. ನಡುವಿನ ಜಾಳು ಮರೆತೇಹೋಗಿರುತ್ತದೆ. ಆ ನೆನಪಿನ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ಸೀಕ್ವೆಲ್ಲೂ ಸೋಲುತ್ತದೆ.

ಎರಡನ್ನೂ ಒಂದೇ ಭಾಷೆಯಲ್ಲಿ ನೋಡಿ. ಒಂದನ್ನು ಡಬ್ಬಿಂಗ್‌ನಲ್ಲಿ, ಇನ್ನೊಂದನ್ನು ಸಬ್‌ಟೈಟಲ್ ಓದುತ್ತಾ ನೋಡಿದರೆ ಮಾತಿನ ಹಾಸ್ಯದ ಅಂದಾಜೇ ತಪ್ಪುತ್ತದೆ. ಟ್ರೇಲರ್ ಬಿಟ್ಟುಬಿಡಿ, ಒಳ್ಳೆಯ ನಗೆ ಅಲ್ಲೇ ಖರ್ಚಾಗಿರುತ್ತದೆ.

ಹಳೆಯದು ಮುಗಿದ ಕೂಡಲೇ ಎರಡು ಸಾಲು ಬರೆದಿಡಿ: ನಾಯಕನಿಗೆ ಏನು ಬೇಕಿತ್ತು, ಅವನ ಯಾವ ಕೊರತೆ ಅಡ್ಡ ಬಂತು. ಹೊಸದರಲ್ಲಿ ಅದೇ ಕೊರತೆ ಅದೇ ರೀತಿ ಅಡ್ಡ ಬಂದು ಅದೇ ರೀತಿ ವಾಸಿಯಾದರೆ, ಮೊದಲ ಭಾಗದಲ್ಲಿ ಅವನು ಕಲಿತದ್ದನ್ನು ಬರೆದವರೇ ಅಳಿಸಿಹಾಕಿದ್ದಾರೆ ಎಂದರ್ಥ. ಸೀಕ್ವೆಲ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಹೊಸದನ್ನು ನೋಡುವಾಗ ನಗೆಗೊಂದು ಗುರುತು ಹಾಕುತ್ತಾ ಹೋಗಿ: ಹಳೆಯದೇ ಆದರೆ ‘ಹ’, ಹಳೆಯದನ್ನು ತಿರುಗಿಸಿದ್ದರೆ ‘ತಿ’, ಪೂರ್ತಿ ಹೊಸದಾದರೆ ‘ಹೊ’. ಮೊದಲ ಇಪ್ಪತ್ತು ನಿಮಿಷ ‘ಹ’ ಜಾಸ್ತಿ ಬಂದರೆ ತಪ್ಪೇನಿಲ್ಲ, ಪಾತ್ರಗಳನ್ನು ನೆನಪಿಸಬೇಕಲ್ಲ. ಅರ್ಧ ಗಂಟೆ ದಾಟಿದ ಮೇಲೂ ‘ಹ’ ಸಾಲುಗಟ್ಟಿದರೆ ಕಥೆಯಲ್ಲಿ ಸರಕು ಇಲ್ಲ. ಬೆಲೆ ಕೊಡಬೇಕಾದದ್ದು ‘ತಿ’ಗೆ. 1995ರ ಟಾಯ್ ಸ್ಟೋರಿಯಲ್ಲಿ ವುಡಿ ಎಂಬ ಗೊಂಬೆಯ ಅಡಿಗಾಲಿನ ಮೇಲೆ ಬರೆದ ಹುಡುಗನ ಹೆಸರು ‘ನಾನು ಇವನವನು’ ಎಂಬ ಹೆಮ್ಮೆಯ ಗುರುತು. 1999ರ ಎರಡನೇ ಭಾಗದಲ್ಲಿ ಮುದುಕ ರಿಪೇರಿಯವನು ವುಡಿಯ ಹರಿದ ತೋಳನ್ನು ಸೂಜಿ ದಾರ ಹಿಡಿದು ಹೊಲಿಯುತ್ತಾನೆ, ಮುಖಕ್ಕೆ ಬಣ್ಣ ಹಚ್ಚುತ್ತಾನೆ, ಕೊನೆಗೆ ಅಡಿಗಾಲಿನ ಹೆಸರಿನ ಮೇಲೂ ಬಣ್ಣ ಬಳಿದುಬಿಡುತ್ತಾನೆ. ನೋಡಲು ತಮಾಷೆಯ, ಕೈಚಳಕದ ದೃಶ್ಯ. ಆದರೆ ವುಡಿ ಹೊಚ್ಚ ಹೊಸದಾಗಿ ಹೊಳೆಯುತ್ತಿರುವಾಗಲೇ ಯಾರದೂ ಅಲ್ಲದವನಾಗಿಬಿಟ್ಟ. ಆಮೇಲೆ ಅವನು ತಾನೇ ಆ ಬಣ್ಣ ಕೆರೆದು ಹೆಸರನ್ನು ಹೊರಗೆ ತರುವಾಗ ಒಂದು ಮಾತೂ ಬೇಕಾಗುವುದಿಲ್ಲ. ಅದೇ ವಸ್ತು, ಬೇರೆ ಭಾರ. ಹೊಸ ಚಿತ್ರದಲ್ಲಿ ಇಂಥದ್ದು ಒಂದಾದರೂ ಸಿಕ್ಕಿತೇ ಹುಡುಕಿ.

ನಗಿಸುವ ಪಕ್ಕದ ಪಾತ್ರವನ್ನೇ ನಾಯಕನ ಜಾಗಕ್ಕೆ ತಂದಿದ್ದರೆ ಇನ್ನೂ ಜೋಪಾನವಾಗಿ ನೋಡಿ. ಅರ್ಧ ನಿಮಿಷ ಬಂದು ನಗಿಸಿ ಹೋಗುವವನು ಒಂದೂವರೆ ಗಂಟೆ ಕಥೆ ಹೊರಬೇಕಾದರೆ ಅವನಿಗೆ ಸ್ವಂತದ ಒಂದು ಬಯಕೆ ಬೇಕು. 2003ರ ಫೈಂಡಿಂಗ್ ನೀಮೋದಲ್ಲಿ ಡೋರಿ ಎಂಬ ಮೀನಿನ ಮರೆವು ಹೆಚ್ಚಾಗಿ ನಗೆಯ ಸಾಧನ. 2016ರಲ್ಲಿ ಅವಳೇ ನಾಯಕಿಯಾದಾಗ ಅದೇ ಮರೆವು ಅಪ್ಪ ಅಮ್ಮನನ್ನು ಕಳೆದುಕೊಂಡ ನೋವಾಯಿತು. ಬದಲಾವಣೆಗೆ ಕಾರಣ ಪಾತ್ರದೊಳಗೇ ಇತ್ತು.

ಗಾತ್ರಕ್ಕೆ ಮರುಳಾಗಬೇಡಿ. 2002ರ ಐಸ್ ಏಜ್‌ನಲ್ಲಿ ಸ್ಕ್ರಾಟ್ ಎಂಬ ಅಳಿಲು ಹಿಮದಲ್ಲಿ ಓಕ್ ಕಾಯಿ ಹೂಳಲು ಹೋಗಿ ಹಿಮನದಿಯನ್ನೇ ಸೀಳುತ್ತಾನೆ: ಸಣ್ಣ ಕಾಯಿ, ದೊಡ್ಡ ಅನಾಹುತ, ನಗು ಬರುವುದು ಆ ಅಂತರದಿಂದ. 2016ರ ಐದನೇ ಭಾಗದಲ್ಲಿ ಅವನು ಬಾಹ್ಯಾಕಾಶಕ್ಕೇ ಹೋಗಿ ಕ್ಷುದ್ರಗ್ರಹವನ್ನು ಭೂಮಿಯ ಕಡೆ ತಿರುಗಿಸುತ್ತಾನೆ. ಎಲ್ಲವೂ ದೊಡ್ಡದಾದಾಗ ಆ ಅಂತರ ತೆಳುವಾಗುತ್ತದೆ.

ಹೊಸ ಪಾತ್ರಗಳನ್ನು ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲೇ ತೆಗೆದು ನೋಡಿ. ತೆಗೆದರೂ ಕಥೆ ಅಲುಗದಿದ್ದರೆ, ಅವರು ಹಳೆಯ ಪಾತ್ರಗಳ ನಿಮಿಷ ಕಿತ್ತುಕೊಂಡಿದ್ದಾರೆ. ಕೂದಲು, ನೀರು, ಬೆಳಕು ಚೆನ್ನಾಗಿ ಕಂಡಿದ್ದಕ್ಕೆ ಅಂಕ ಕೊಡಬೇಡಿ, ಅದು ತಂತ್ರಜ್ಞಾನ ಮುಂದೆ ಹೋದದ್ದರ ಫಲ.

ಜೊತೆಗೆ ಮಕ್ಕಳಿದ್ದರೆ ಅವರು ನಕ್ಕ ಜಾಗಕ್ಕಿಂತ, ಕುರ್ಚಿಯಲ್ಲಿ ಹೊರಳಾಡಿದ ನಿಮಿಷವನ್ನು ಗುರುತಿಸಿ. ಸಾಮಾನ್ಯವಾಗಿ ಅದು ಪಾತ್ರಗಳು ನಿಂತು ಕಥೆಯನ್ನು ಬಾಯಲ್ಲಿ ವಿವರಿಸುವ ಜಾಗ. ಹಳೆಯದರಲ್ಲಿ ಅಂಥ ಜಾಗ ಎಷ್ಟಿತ್ತು ಎಂದೂ ಎಣಿಸಿ.

ತೀರ್ಪನ್ನು ಮಾರನೇ ದಿನ ಬರೆಯಿರಿ. ಚಿತ್ರ ತಾನಾಗಿ ಚೆನ್ನಾಗಿದೆಯೇ, ಹಿಂದಿನದಕ್ಕೆ ಸಾಟಿಯೇ ಎಂಬ ಎರಡು ಪ್ರಶ್ನೆಗಳನ್ನು ಕಲಸಬೇಡಿ. ಮೂರನೆಯದೋ ನಾಲ್ಕನೆಯದೋ ಆದರೆ ಪಾತ್ರಗಳನ್ನು ಮೊದಲ ಭಾಗದ ಜೊತೆ, ಕಥೆಯನ್ನು ಸರಿಯಾಗಿ ಅದರ ಹಿಂದಿನ ಭಾಗದ ಜೊತೆ ಹೋಲಿಸಿ.